ವಿಲಿಯಂ ಗ್ರೇ ವಾಲ್ಟರ್

ವಿಲಿಯಂ ಗ್ರೇ ವಾಲ್ಟರ್ (ಫೆಬ್ರುವರಿ 19, 1910 – ಮೇ 6, 1977) ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬಾಳಿದ ನರಶರೀರವಿಜ್ಞಾನಿ. ಮಿದುಳಿನ ವಿದ್ಯುತ್ ಅಲೆಗಳ ಅಧ್ಯಯನದಲ್ಲಿ ಇವರ ಹೆಸರು ಮೊದಲ ಸಾಲಿನಲ್ಲಿದೆ. ಆದರೆ ಇಂದು ಜನಸಾಮಾನ್ಯರಿಗೆ ಇವರ ಪರಿಚಯವಿರುವುದು 1948–49ರಲ್ಲಿ ಇವರು ರೂಪಿಸಿದ ಎರಡು ಯಂತ್ರ ಆಮೆಗಳಿಂದ. ಎಲ್ಮರ್ ಮತ್ತು ಎಲ್ಸಿ ಎಂಬ ಹೆಸರಿನ ಈ ಪುಟ್ಟ ಯಂತ್ರಗಳು ಯಾರ ಕೈಹಿಡಿತವೂ ಇಲ್ಲದೆ, ಮೊದಲು ಕಂಡಿರದ ಕೋಣೆಯಲ್ಲಿ ತಾವಾಗಿಯೇ ಅಡ್ಡಾಡಿ, ಅಡೆತಡೆಗಳನ್ನು ದಾಟಿ, ಬೆಳಕನ್ನು ಹುಡುಕಿಕೊಂಡು ಹೋಗುತ್ತಿದ್ದವು. ಸ್ವಯಂಚಾಲಿತ ಸಂಚಾರಿ ರೋಬೋಟುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಇವುಗಳಿಂದಲೇ ಆರಂಭಿಸುವ ವಾಡಿಕೆಯಿದೆ. ಅಪರಿಚಿತ ನೆಲದಲ್ಲಿ ಸಂಚರಿಸಬೇಕಾದ ಯಂತ್ರಕ್ಕೆ ಆ ನೆಲದ ಬಗ್ಗೆ ಮೊದಲೇ ಎಷ್ಟು ತಿಳಿದಿರಬೇಕು ಎಂಬ ಪ್ರಶ್ನೆಗೆ ವಾಲ್ಟರ್ ಕೊಟ್ಟ ಉತ್ತರ ಅಂದಿನವರಿಗೆ ಅಚ್ಚರಿಯದಾಗಿತ್ತು: ಏನೂ ತಿಳಿಯದಿದ್ದರೂ ಬಹಳಷ್ಟು ದೂರ ಸಾಗಬಹುದು.

ಜನನ ಮತ್ತು ವಿದ್ಯಾಭ್ಯಾಸ

ವಾಲ್ಟರ್ ಅವರು ಅಮೆರಿಕದ ಮಿಸೌರಿ ರಾಜ್ಯದ ಕನ್ಸಾಸ್ ಸಿಟಿಯಲ್ಲಿ ಜನಿಸಿದರು. ತಂದೆ ಕಾರ್ಲ್ ವಾಲ್ಟರ್ ಬ್ರಿಟಿಷ್ ಪತ್ರಕರ್ತರು, ಆಗ ಆ ಊರಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ತಾಯಿ ಅಮೆರಿಕದವರು, ಅವರದೂ ಪತ್ರಿಕಾವೃತ್ತಿಯೇ. ಒಂದನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1915ರಲ್ಲಿ, ಕುಟುಂಬ ಇಂಗ್ಲೆಂಡಿಗೆ ಬಂದು ನೆಲೆಸಿತು. ವಾಲ್ಟರ್ ಅವರ ಮುಂದಿನ ಬದುಕೆಲ್ಲ ಅಲ್ಲಿಯೇ ಕಳೆಯಿತು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿ, ಅನಂತರ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಸೇರಿ, 1931ರಲ್ಲಿ ಪದವಿ ಪಡೆದರು. ಅಲ್ಲಿಯೇ ಸಂಶೋಧಕರಾಗಿ ಮುಂದುವರಿಯಬೇಕೆಂಬ ಆಸೆ ಇವರಿಗಿತ್ತು. ಆದರೆ ಅದಕ್ಕೆ ಬೇಕಾದ ಫೆಲೋಶಿಪ್ ದೊರೆಯಲಿಲ್ಲ. ಈ ನಿರಾಶೆಯೇ ಇವರನ್ನು ವಿಶ್ವವಿದ್ಯಾಲಯದಿಂದ ಆಸ್ಪತ್ರೆಗಳ ಕಡೆಗೆ, ಗ್ರಂಥಗಳಿಂದ ರೋಗಿಗಳ ಕಡೆಗೆ ತಿರುಗಿಸಿತು. ಕೇಂಬ್ರಿಜ್‌ನಲ್ಲಿದ್ದಾಗಲೇ ರಷ್ಯದ ಶರೀರವಿಜ್ಞಾನಿ ಇವಾನ್ ಪಾವ್ಲೋವ್ ಅವರ ಕೆಲಸ ಇವರನ್ನು ಬಲವಾಗಿ ಸೆಳೆದಿತ್ತು. ಆಹಾರ ಕೊಡುವ ಮುನ್ನ ಪ್ರತಿಸಲವೂ ಒಂದು ಸದ್ದನ್ನು ಕೇಳಿಸುತ್ತ ಹೋದರೆ, ಕೆಲವು ದಿನಗಳಲ್ಲಿ ನಾಯಿಯ ಬಾಯಲ್ಲಿ ಆ ಸದ್ದಿಗೇ ಜೊಲ್ಲು ಸುರಿಯುತ್ತದೆ ಎಂಬ ಪಾವ್ಲೋವ್ ಅವರ ಪ್ರಯೋಗ ಪಠ್ಯಪುಸ್ತಕಗಳಿಂದ ಎಲ್ಲರಿಗೂ ಗೊತ್ತಿರುವಂಥದು. ಅನುಬಂಧಿತ ಪ್ರತಿಕ್ರಿಯೆ ಎನ್ನಲಾಗುವ ಈ ತತ್ತ್ವ ವಾಲ್ಟರ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮಿದುಳಿನ ಅಲೆಗಳ ಅಧ್ಯಯನ

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ ಅವರು ಮನುಷ್ಯನ ತಲೆಯ ಮೇಲೆ ಲೋಹದ ಬಿಲ್ಲೆಗಳನ್ನಿಟ್ಟು ಮಿದುಳಿನ ಅತಿಸೂಕ್ಷ್ಮ ವಿದ್ಯುತ್ ಏರಿಳಿತಗಳನ್ನು ದಾಖಲಿಸಬಹುದೆಂದು 1929ರಲ್ಲಿ ಪ್ರಕಟಿಸಿದ್ದರು. ಇಂದು ಇ.ಇ.ಜಿ. ಎಂದು ನಾವು ಕರೆಯುವ ಪರೀಕ್ಷೆಯ ಆರಂಭ ಇದೇ. ಮೊದಲಿಗೆ ಇದನ್ನು ಹೆಚ್ಚು ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದ ಮೇಲೆ ಸಂಶಯ ದೂರವಾಯಿತು.

ವಾಲ್ಟರ್ ಬರ್ಗರ್ ಅವರ ಪ್ರಯೋಗಶಾಲೆಗೆ ಹೋಗಿ ಬಂದರು. ಲಂಡನ್ನಿನ ಮಾಡ್ಸ್‌ಲೀ ಆಸ್ಪತ್ರೆಯಲ್ಲಿ ಫ್ರೆಡರಿಕ್ ಗೊಲ್ಲಾ ಎಂಬ ಹಿರಿಯರ ಕೈಕೆಳಗೆ ಕೆಲಸಕ್ಕೆ ಸೇರಿ, ಬರ್ಗರ್ ಬಳಸುತ್ತಿದ್ದುದಕ್ಕಿಂತ ಸೂಕ್ಷ್ಮವಾದ ಉಪಕರಣಗಳನ್ನು ರಚಿಸಿದರು. ವಿದ್ಯುನ್ಮಾನ ಉಪಕರಣಗಳನ್ನು ಕೈಯಾರೆ ಕಟ್ಟುವುದು ಇವರಿಗೆ ಒಲಿದ ವಿದ್ಯೆ. 1936ರಲ್ಲಿ ಇವರು ಮಾಡಿದ ಶೋಧ ವೈದ್ಯಕೀಯಕ್ಕೆ ನೇರವಾಗಿ ನೆರವಾಯಿತು. ಮಿದುಳಿನಲ್ಲಿ ಗಡ್ಡೆ ಬೆಳೆದಾಗ, ಗಡ್ಡೆಯ ಅಂಗಾಂಶ ತಾನಾಗಿ ಅಲೆಗಳನ್ನು ಹೊಮ್ಮಿಸುವುದಿಲ್ಲ. ಅದರ ಸುತ್ತಲಿನ ಪೀಡಿತ ಭಾಗದಿಂದ ಮಾತ್ರ ಬಹಳ ನಿಧಾನಗತಿಯ ಅಲೆಗಳು ಹೊಮ್ಮುತ್ತವೆ. ಈ ನಿಧಾನ ಅಲೆಗಳಿಗೆ ಡೆಲ್ಟಾ ಅಲೆಗಳೆಂದು ಹೆಸರಿಟ್ಟವರು ವಾಲ್ಟರ್. ಅವು ಎಲ್ಲಿಂದ ಬರುತ್ತಿವೆ ಎಂಬುದನ್ನು ತಲೆಯ ಹಲವು ಕಡೆ ಅಳೆದು ಗುರುತಿಸಿದರೆ, ತಲೆಬುರುಡೆಯನ್ನು ತೆರೆಯದೆಯೇ ಗಡ್ಡೆಯ ಜಾಗವನ್ನು ಹೇಳಬಹುದಾಗಿತ್ತು. ಸ್ಕ್ಯಾನಿಂಗ್ ಯಂತ್ರಗಳಿಲ್ಲದ ಆ ಕಾಲದಲ್ಲಿ ಶಸ್ತ್ರವೈದ್ಯರಿಗೆ ಇದು ಎಂಥ ಸಹಾಯವೆಂಬುದನ್ನು ಊಹಿಸಿಕೊಳ್ಳಬಹುದು.

1939ರಲ್ಲಿ ಬ್ರಿಸ್ಟಲ್ ನಗರದಲ್ಲಿ ಬರ್ಡನ್ ನರವಿಜ್ಞಾನ ಸಂಸ್ಥೆ ಆರಂಭವಾಯಿತು. ಗೊಲ್ಲಾ ಅದರ ನಿರ್ದೇಶಕರಾದರು. ವಾಲ್ಟರ್ ಅವರೊಡನೆ ಅಲ್ಲಿಗೆ ಹೋಗಿ, 1970ರವರೆಗೆ ಅಲ್ಲಿಯೇ ಇದ್ದರು. ಬ್ರಿಟನ್ನಿನಲ್ಲಿ ಮಾನಸಿಕ ರೋಗಕ್ಕೆ ವಿದ್ಯುತ್ ಆಘಾತ ಚಿಕಿತ್ಸೆಯ ಮೊದಲ ಪ್ರಯೋಗಗಳು ನಡೆದದ್ದೂ ಇಲ್ಲಿಯೇ. 1943ರ ಹೊತ್ತಿಗೆ ಇವರು ಮಿದುಳಿನ ಕಲಸುಮೇಲೋಗರದ ಅಲೆಗಳನ್ನು ಅವುಗಳ ಆವರ್ತಾಂಕಕ್ಕೆ ತಕ್ಕಂತೆ ತಾನೇ ಬಿಡಿಸಿ ತೋರಿಸುವ ವಿಶ್ಲೇಷಕ ಯಂತ್ರವನ್ನು ರೂಪಿಸಿದ್ದರು. ಮಿನುಗುವ ದೀಪವನ್ನು ಕಣ್ಣೆದುರು ಹಿಡಿದು ಮಿದುಳಿನ ಪ್ರತಿಕ್ರಿಯೆಯನ್ನು ಅಳೆಯುವ ವಿಧಾನವನ್ನು ವಿವಿಯನ್ ಡೊವಿ ಮತ್ತು ಹೆರಾಲ್ಡ್ ಶಿಪ್ಟನ್ ಅವರೊಡನೆ 1946ರಲ್ಲಿ ಪ್ರಕಟಿಸಿದರು. ಮೂರ್ಛೆರೋಗದ ಪರೀಕ್ಷೆಯಲ್ಲಿ ಇ.ಇ.ಜಿ. ತೆಗೆಯುವಾಗ ಇಂದಿಗೂ ರೋಗಿಯ ಮುಂದೆ ದೀಪವನ್ನು ಮಿನುಗಿಸುವುದುಂಟು. ವಿವಿಯನ್ ಡೊವಿ 1947ರಲ್ಲಿ ಇವರ ಎರಡನೆಯ ಪತ್ನಿಯಾದರು. ಮೊದಲ ವಿವಾಹದಿಂದ ಹುಟ್ಟಿದ ಮಗ ನಿಕೊಲಸ್ ವಾಲ್ಟರ್ ಮುಂದೆ ಅರಾಜಕತಾವಾದಿ ಲೇಖಕರಾಗಿ, ಅಣ್ವಸ್ತ್ರ ವಿರೋಧಿ ಹೋರಾಟಗಾರರಾಗಿ ಹೆಸರಾದರು.

ಆಮೆಗಳ ಹಿನ್ನೆಲೆ

ಮಿದುಳನ್ನು ಹೊರಗಿನಿಂದ ಅಳೆದು ದಾಖಲಿಸಿದ ಮಾತ್ರಕ್ಕೆ ಅದು ಅರ್ಥವಾಗುವುದಿಲ್ಲ ಎಂಬ ಅತೃಪ್ತಿ ವಾಲ್ಟರ್ ಅವರಿಗಿತ್ತು. ಕೋಟ್ಯಂತರ ನರಕೋಶಗಳ ಗೊಂದಲದೊಳಗಿಂದ ಒಂದು ಪ್ರಾಣಿಯ ನಡವಳಿಕೆ ಹೇಗೆ ಮೂಡುತ್ತದೆ? ಅಷ್ಟು ಕೋಶಗಳಿರುವುದರಿಂದಲೇ ನಡವಳಿಕೆ ಸಮೃದ್ಧವಾಗಿದೆಯೇ, ಅಥವಾ ಅವು ಒಂದರೊಡನೊಂದು ಕೂಡಿಕೊಂಡಿರುವ ಬಗೆಯಿಂದಲೇ? ಎರಡನೆಯದೇ ಸರಿಯೆಂದು ಇವರ ಊಹೆ. ಅದನ್ನು ಸಾಬೀತುಪಡಿಸಲು ಇವರು ಆರಿಸಿಕೊಂಡ ದಾರಿ ವಿಲಕ್ಷಣವಾದುದು. ಕೇವಲ ಎರಡು ಕೃತಕ ಕೋಶಗಳಿರುವ ಪ್ರಾಣಿಯೊಂದನ್ನು ಕಟ್ಟಿ, ಅದನ್ನು ನೆಲಕ್ಕೆ ಬಿಟ್ಟು ನೋಡುವುದು.

ಇದಕ್ಕೆ ಪ್ರೇರಣೆ ದೊರೆತದ್ದು ಯುದ್ಧದ ದಿನಗಳಲ್ಲಿ. ಕೇಂಬ್ರಿಜ್‌ನ ಮನೋವಿಜ್ಞಾನಿ ಕೆನ್ನೆತ್ ಕ್ರೇಕ್, ವಿಮಾನದ ಗುಂಡುಗಾರರು ಗುರಿಯನ್ನು ಹಿಂಬಾಲಿಸುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದರು. ವಾಲ್ಟರ್ ಅವರ ವಿಶ್ಲೇಷಕ ಯಂತ್ರವನ್ನು ಬಳಸಲು ಬ್ರಿಸ್ಟಲ್‌ಗೆ ಬರುತ್ತಿದ್ದರು. ಆಕಾಶವನ್ನು ಸುತ್ತಲೂ ತಡಕುವ ರಡಾರ್, ಗುರಿಯನ್ನು ತಾನೇ ಅರಸಿ ಹೋಗುವ ಅಸ್ತ್ರ ಇವೆಲ್ಲ ಆಗಿನ ಮಾತುಕತೆಯ ವಸ್ತು. ಗುರಿಯನ್ನರಸುವ ಮತ್ತು ಸುತ್ತಲೂ ತಡಕಿ ನೋಡುವ ಎರಡು ಕೆಲಸಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಬಹುದೆಂಬ ಎಣಿಕೆ ಹೊಳೆದದ್ದು ಕ್ರೇಕ್ ಅವರೊಡನೆ ನಡೆಸಿದ ಚರ್ಚೆಯಿಂದ. ಕ್ರೇಕ್ 1945ರಲ್ಲಿ, ಯೂರೋಪಿನಲ್ಲಿ ಯುದ್ಧ ಮುಗಿಯುವ ಹಿಂದಿನ ದಿನ, ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಅವರಿಗೆ ಆಗಿನ್ನೂ 31 ವರ್ಷ.

ಅದೇ ವರ್ಷಗಳಲ್ಲಿ ನೆರೆಯ ಗ್ಲೌಸ್ಟರ್‌ನಲ್ಲಿ ಮನೋವೈದ್ಯ ರಾಸ್ ಆ್ಯಶ್‌ಬಿ ಹೋಮಿಯೋಸ್ಟಾಟ್ ಎಂಬ ಯಂತ್ರವನ್ನು ಕಟ್ಟುತ್ತಿದ್ದರು. ಹೊರಗಿನಿಂದ ಏನಾದರೂ ಕದಲಿಕೆಯಾದರೆ ತಾನೇ ಮತ್ತೆ ಸಮಸ್ಥಿತಿಗೆ ಬರುವ ಯಂತ್ರ ಅದು. ಕದಲಿಸದಿದ್ದರೆ ಸುಮ್ಮನೆ ಇರುತ್ತಿತ್ತು. ವಾಲ್ಟರ್ ಅದಕ್ಕೆ ಲ್ಯಾಟಿನ್ನಿನಲ್ಲಿ ನಿದ್ರಾಳು ಯಂತ್ರವೆಂಬ ಅರ್ಥದ ಹೆಸರಿಟ್ಟು ಹಾಸ್ಯ ಮಾಡಿದರು. ಇವರಿಗೆ ಬೇಕಾಗಿದ್ದುದು ಅದಕ್ಕೆ ವಿರುದ್ಧವಾದ ಗುಣ. ಯಾರೂ ಕೆಣಕದಿದ್ದರೂ ತಾನಾಗಿ ಎದ್ದು ಹೊರಟು ಲೋಕವನ್ನು ಅರಸುವುದೇ ಜೀವಿಯ ಲಕ್ಷಣವೆಂದು ಇವರು ತಿಳಿದಿದ್ದರು. ಆದ್ದರಿಂದ ತಮ್ಮ ಆಮೆಗಳ ಜಾತಿಗೆ ಅನ್ವೇಷಕ ಯಂತ್ರವೆಂದು ಅರ್ಥ ಬರುವ ಮಷೀನಾ ಸ್ಪೆಕ್ಯುಲಾಟ್ರಿಕ್ಸ್ ಎಂಬ ಹೆಸರಿಟ್ಟರು.

ಎಲ್ಮರ್ ಮತ್ತು ಎಲ್ಸಿ

ರೋಬೋಟ್ ಎಂಬುದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ ಯಂತ್ರಮಾನವ ಎಂಬ ಪದ ಇಲ್ಲಿ ಸ್ವಲ್ಪವೂ ಹೊಂದುವುದಿಲ್ಲ. ಇವುಗಳಿಗೆ ಕೈಕಾಲು, ಮುಖ ಯಾವುದೂ ಇರಲಿಲ್ಲ. ಮೂರು ಚಕ್ರದ ಚಿಕ್ಕ ಗಾಡಿ, ಅದರ ಮೇಲೆ ಬೋರಲು ಹಾಕಿದ ಬೋಗುಣಿಯಂಥ ಚಿಪ್ಪು, ಮುಂದೆ ಕುತ್ತಿಗೆಯಂತೆ ಎದ್ದ ಒಂದು ಕಂಬ ಇಷ್ಟೇ. ಅದಕ್ಕಾಗಿ ಆಮೆಯೆಂಬ ಹೆಸರು. ಇಂಗ್ಲಿಷಿನಲ್ಲಿ ವಿದ್ಯುತ್-ಯಾಂತ್ರಿಕ ರೋಬೋಟ್ ಎಂಬ ಪದಗಳ ಅಕ್ಷರಗಳನ್ನು ಜೋಡಿಸಿ ಎಲ್ಮರ್ ಎಂದೂ, ಬೆಳಕಿಗೆ ಸ್ಪಂದಿಸುವ ಮತ್ತು ಸ್ಥಿರತೆಯುಳ್ಳ ಎಂಬ ವಿಶೇಷಣಗಳನ್ನು ಸೇರಿಸಿ ಎಲ್ಸಿ ಎಂದೂ ಕರೆದರು. ಯುದ್ಧಾನಂತರ ಅಗ್ಗವಾಗಿ ಸಿಗುತ್ತಿದ್ದ ಹಳೆಯ ಸೈನಿಕ ಸಾಮಗ್ರಿ, ಕೆಟ್ಟ ಗಡಿಯಾರ ಮತ್ತು ಗ್ಯಾಸ್ ಮೀಟರುಗಳ ಹಲ್ಲಿನ ಚಕ್ರಗಳು ಇವುಗಳ ಮೈಗೆ ಸೇರಿದ್ದವು.

ಒಳಗಿನ ರಚನೆ ಸರಳ. ಎರಡು ನಿರ್ವಾತ ನಳಿಕೆಗಳು, ಎರಡು ರಿಲೇಗಳು, ಎರಡು ಮೋಟಾರುಗಳು, ಬ್ಯಾಟರಿ. ಇಂದ್ರಿಯಗಳೂ ಎರಡೇ: ಬೆಳಕನ್ನು ಗ್ರಹಿಸುವ ಒಂದು ದ್ಯುತಿಕೋಶ, ಮತ್ತು ಚಿಪ್ಪು ಯಾವುದಕ್ಕಾದರೂ ತಗುಲಿದರೆ ಕೂಡಿಕೊಳ್ಳುವ ಒಂದು ಸ್ವಿಚ್ಚು. ಮುಂದಿನ ಒಂಟಿ ಚಕ್ರವೇ ಗಾಡಿಯನ್ನು ಎಳೆಯುತ್ತಿತ್ತು, ಅದೇ ತಿರುಗಿಸುತ್ತಲೂ ಇತ್ತು. ಇಲ್ಲಿ ವಾಲ್ಟರ್ ಅವರ ಜಾಣ್ಮೆಯೆಂದರೆ, ದ್ಯುತಿಕೋಶವನ್ನು ಈ ಚಕ್ರದ ಕಂಬದ ಮೇಲೆಯೇ ಕೂರಿಸಿದ್ದು. ಚಕ್ರ ಯಾವ ಕಡೆಗೋ ಕಣ್ಣೂ ಅದೇ ಕಡೆಗೆ. ಹೀಗಾಗಿ ಕಂಡದ್ದು ಯಾವ ದಿಕ್ಕಿನಲ್ಲಿದೆ ಎಂದು ಲೆಕ್ಕ ಹಾಕಿ, ಆಮೇಲೆ ಚಕ್ರವನ್ನು ಆ ದಿಕ್ಕಿಗೆ ತಿರುಗಿಸುವ ಕೆಲಸವೇ ಯಂತ್ರಕ್ಕೆ ಉಳಿಯಲಿಲ್ಲ. ಕಾಣುವುದೂ ಹೊರಳುವುದೂ ಒಂದೇ ಕ್ರಿಯೆಯಾಯಿತು.

ಕತ್ತಲಲ್ಲಿ ಕಂಬ ನಿಲ್ಲದೆ ಸುತ್ತುತ್ತಿರುತ್ತದೆ. ಆಮೆ ಸುರುಳಿ ಸುರುಳಿಯಾಗಿ ಮುಂದೆ ಸಾಗುತ್ತ ನೆಲವನ್ನೆಲ್ಲ ತಡಕುತ್ತದೆ. ಮಿತವಾದ ಬೆಳಕು ಕಣ್ಣಿಗೆ ಬಿದ್ದೊಡನೆ ಸುತ್ತುವಿಕೆ ನಿಂತು, ಆಮೆ ವೇಗವಾಗಿ ಆ ಕಡೆಗೆ ಹೊರಡುತ್ತದೆ. ದಾರಿ ಕೊಂಚ ತಪ್ಪಿ ಬೆಳಕು ಮರೆಯಾದರೆ ಮತ್ತೆ ತಡಕಾಟ, ಮತ್ತೆ ಹೊರಡುವಿಕೆ. ಬಹಳ ಸಮೀಪಕ್ಕೆ ಬಂದು ಬೆಳಕು ಅತಿಯಾದಾಗ ಕಂಬ ಅರ್ಧ ವೇಗದಲ್ಲಿ ತಿರುಗತೊಡಗಿ, ಆಮೆ ಅದರಿಂದ ದೂರ ಸರಿಯುತ್ತದೆ. ದೀಪವನ್ನು ಮುಟ್ಟುವುದೂ ಇಲ್ಲ, ಬಿಟ್ಟುಹೋಗುವುದೂ ಇಲ್ಲ ಎಂಬಂತೆ ಅದರ ಸುತ್ತ ಸುಳಿದಾಡುತ್ತದೆ.

ಅಡ್ಡಿ ಎದುರಾದಾಗ ನಡೆಯುವುದು ಇನ್ನೂ ಸ್ವಾರಸ್ಯಕರ. ಚಿಪ್ಪು ಏನಕ್ಕಾದರೂ ಬಡಿದೊಡನೆ ಎರಡು ನಳಿಕೆಗಳ ಮಂಡಲ ಆಂದೋಲಿಸತೊಡಗುತ್ತದೆ. ಆಮೆ ಒಮ್ಮೆ ತಳ್ಳುತ್ತದೆ, ಒಮ್ಮೆ ಹೊರಳುತ್ತದೆ, ಮತ್ತೆ ತಳ್ಳುತ್ತದೆ. ವಸ್ತು ಹಗುರವಾಗಿದ್ದರೆ ಪಕ್ಕಕ್ಕೆ ಸರಿಯುತ್ತದೆ. ಭಾರವಾಗಿದ್ದರೆ ಆಮೆಯೇ ಸುತ್ತಿಕೊಂಡು ಹೋಗುತ್ತದೆ. ಎದುರಿಗಿರುವುದು ಕುರ್ಚಿಯೋ ಗೋಡೆಯೋ ಮನುಷ್ಯನ ಕಾಲೋ ಎಂದು ಅದು ತಿಳಿಯಬೇಕಾಗಿರಲಿಲ್ಲ. ಕಡಿದಾದ ಇಳಿಜಾರಿನಲ್ಲಿ ತೂಗುಬಿಟ್ಟ ಚಿಪ್ಪು ತಾನೇ ವಾಲಿ ಸ್ವಿಚ್ಚನ್ನು ಕೂಡಿಸುತ್ತಿದ್ದುದರಿಂದ ಇಳಿಜಾರೂ ಅದಕ್ಕೆ ಒಂದು ಅಡ್ಡಿಯೇ. ಈ ತಳ್ಳಾಟ ನಡೆದಿರುವಾಗ ಬೆಳಕಿನ ಸೆಳೆತ ಕೆಲಸ ಮಾಡುತ್ತಿರಲಿಲ್ಲ. ದಾರಿ ಬಿಡಿಸಿಕೊಳ್ಳುವುದು ಮೊದಲು, ಗುರಿ ಆಮೇಲೆ ಎಂಬ ಆದ್ಯತೆ ತಂತಿಯ ಜೋಡಣೆಯಲ್ಲಿಯೇ ಅಡಗಿತ್ತು.

ಸ್ವತಂತ್ರವಾಗಿ ತಿರುಗುವ ಯಾವುದೇ ಯಂತ್ರದ ದೊಡ್ಡ ಚಿಂತೆ ಶಕ್ತಿಯ ಪೂರೈಕೆ. ಇದಕ್ಕೂ ವಾಲ್ಟರ್ ಬೇರೆ ಉಪಕರಣವನ್ನು ಸೇರಿಸಲಿಲ್ಲ. ಬ್ಯಾಟರಿ ಸೊರಗಿದಂತೆ ದ್ಯುತಿಕೋಶದ ಸಂಕೇತವನ್ನು ಹಿಗ್ಗಿಸುವ ಮಂಡಲವೂ ಸೊರಗುತ್ತದೆ. ಆಗ ಮೊದಲು ಕಣ್ಣು ಕುಕ್ಕುತ್ತಿದ್ದ ಬೆಳಕು ಮಿತವಾಗಿ ತೋರುತ್ತದೆ. ಆದ್ದರಿಂದ ಹಸಿದ ಆಮೆ ಪ್ರಖರ ದೀಪವಿರುವ ತನ್ನ ಗೂಡಿನೊಳಕ್ಕೆ ನೇರವಾಗಿ ನುಗ್ಗುತ್ತದೆ. ಒಳಗೆ ವಿದ್ಯುತ್ ಸಂಪರ್ಕಗಳು ತಗುಲಿ, ಮೋಟಾರುಗಳು ನಿಂತು, ಬ್ಯಾಟರಿ ತುಂಬುತ್ತದೆ. ತುಂಬಿದ ಮೇಲೆ ಅದೇ ದೀಪ ಮತ್ತೆ ಸಹಿಸಲಾರದಷ್ಟು ಪ್ರಖರವಾಗಿ ಕಂಡು ಆಮೆ ಹೊರಗೆ ಬರುತ್ತದೆ. ಕುಂದನ್ನೇ ಗುಣವಾಗಿ ಬಳಸಿಕೊಂಡ ಇಂಥ ಉಪಾಯವನ್ನು ಯಂತ್ರವಿನ್ಯಾಸದ ಇತಿಹಾಸದಲ್ಲಿ ಹುಡುಕಿದರೂ ಹೆಚ್ಚು ಸಿಗಲಾರವು.

ಎರಡು ಸಮಾನ ದೀಪಗಳ ನಡುವೆ ಇಟ್ಟರೆ ಏನಾಗುತ್ತದೆ ಎಂಬುದನ್ನೂ ಇವರು ಪರೀಕ್ಷಿಸಿದರು. ಸಮ ದೂರದಲ್ಲಿ ಎರಡು ಹುಲ್ಲಿನ ಮೆದೆಗಳನ್ನು ಕಂಡ ಕತ್ತೆ ಯಾವ ಕಡೆ ಹೋಗಲೆಂದು ನಿರ್ಧರಿಸಲಾರದೆ ಹಸಿದು ಸತ್ತಿತೆಂಬ ಬೂರಿಡಾನನ ಕತ್ತೆಯ ದೃಷ್ಟಾಂತ ಯೂರೋಪಿನ ತತ್ತ್ವಶಾಸ್ತ್ರದಲ್ಲಿ ಪ್ರಸಿದ್ಧ. ಆಮೆಗೆ ಆ ಪಾಡು ಬರಲಿಲ್ಲ. ಸುತ್ತುವ ಕಣ್ಣು ಎರಡನ್ನೂ ಒಮ್ಮೆಗೇ ನೋಡುವುದಿಲ್ಲ. ಮೊದಲು ಕಂಡ ದೀಪದತ್ತ ಹೋಗಿ, ಅದರ ಪ್ರಖರತೆಗೆ ಹಿಮ್ಮೆಟ್ಟಿ, ಅನಂತರ ಇನ್ನೊಂದರತ್ತ ಹೋಗುತ್ತಿತ್ತು. ಚಿಪ್ಪಿನ ಮೇಲೆ ಉರಿಯುವ ಮೇಣದ ಬತ್ತಿಯನ್ನಿಟ್ಟು, ಕತ್ತಲ ಕೋಣೆಯಲ್ಲಿ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿರಿಸಿ ತೆಗೆದ ಛಾಯಾಚಿತ್ರಗಳಲ್ಲಿ ಈ ಓಡಾಟವೆಲ್ಲ ಬೆಳಕಿನ ಎಳೆಯಾಗಿ ಮೂಡಿದೆ.

ಕನ್ನಡಿಯ ಪ್ರಯೋಗ

ಆಮೆಯ ಮುಂಭಾಗದಲ್ಲಿ ಒಂದು ಪುಟ್ಟ ದೀಪವಿತ್ತು. ಕಂಬ ತಿರುಗುತ್ತಿರುವಾಗ ಅದು ಉರಿಯುತ್ತಿತ್ತು, ತಿರುಗುವುದು ನಿಂತಾಗ ಆರುತ್ತಿತ್ತು. ಯಂತ್ರದ ಒಳಗೆ ಏನು ನಡೆದಿದೆಯೆಂದು ನೋಡುವವರಿಗೆ ತಿಳಿಯಲೆಂದು ಇಟ್ಟದ್ದು. ಆದರೆ ಆಮೆ ಕನ್ನಡಿಯ ಎದುರು ಬಂದಾಗ ಅನಿರೀಕ್ಷಿತವಾದುದು ನಡೆಯಿತು. ಕನ್ನಡಿಯಲ್ಲಿ ತನ್ನದೇ ದೀಪ ಕಂಡು ಕಂಬ ನಿಂತಿತು. ನಿಂತೊಡನೆ ದೀಪ ಆರಿತು. ದೀಪ ಆರಿದ್ದರಿಂದ ಬೆಳಕು ಕಾಣದೆ ಕಂಬ ಮತ್ತೆ ತಿರುಗಿತು. ದೀಪ ಮತ್ತೆ ಹತ್ತಿತು. ಹೀಗೆ ದೀಪ ಹತ್ತುತ್ತ ಆರುತ್ತ ಆಮೆ ಕನ್ನಡಿಯ ಮುಂದೆ ಒಂದು ಬಗೆಯ ಕುಣಿತದಲ್ಲಿ ತೊಡಗಿತು. ಎರಡು ಆಮೆಗಳು ಎದುರಾದಾಗಲೂ ಇಂಥದೇ ಆಟ. ಒಂದರ ದೀಪಕ್ಕೆ ಇನ್ನೊಂದು ಒಲಿದು ಬರುತ್ತಿತ್ತು, ಒಲಿದ ಕ್ಷಣದಲ್ಲೇ ತನ್ನ ದೀಪವನ್ನು ಕಳೆದುಕೊಳ್ಳುತ್ತಿತ್ತು.

ಇಂಥ ನಡವಳಿಕೆಯನ್ನು ನಿಜವಾದ ಪ್ರಾಣಿಯಲ್ಲಿ ಕಂಡಿದ್ದರೆ, ತನ್ನನ್ನು ತಾನು ಗುರುತಿಸಿಕೊಳ್ಳುವ ಅರಿವಿನ ಸಾಕ್ಷ್ಯವೆಂದು ಜನ ಒಪ್ಪುತ್ತಿದ್ದರೆಂದು ವಾಲ್ಟರ್ ವಾದಿಸಿದರು. ಈ ಮಾತು ಟೀಕೆಗೆ ಗುರಿಯಾಗಿದೆ. ಆಮೆಗೆ ತಾನೆಂಬ ಅರಿವು ಇತ್ತೆಂದು ಅವರು ಹೇಳಿದಂತೆ ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಹೊರಗಿನ ನಡವಳಿಕೆಯನ್ನು ಮಾತ್ರ ನೋಡಿ ಒಳಗಿನ ಮನಸ್ಸನ್ನು ಊಹಿಸುವಾಗ ಎಷ್ಟು ಎಚ್ಚರ ಬೇಕೆಂಬುದಕ್ಕೂ ಈ ಪ್ರಯೋಗ ಉದಾಹರಣೆಯಾಗಿ ನಿಲ್ಲುತ್ತದೆ.

ಕಲಿಯುವ ಯಂತ್ರ

ಎಲ್ಮರ್ ಮತ್ತು ಎಲ್ಸಿಗೆ ನೆನಪಿರಲಿಲ್ಲ. ಒಂದೇ ಕುರ್ಚಿಗೆ ಹತ್ತು ಸಲ ಬಡಿದರೂ ಹನ್ನೊಂದನೆಯ ಸಲ ಅದು ಅವಕ್ಕೆ ಹೊಸದೇ. ಈ ಕೊರತೆಯನ್ನು ತುಂಬಲು ವಾಲ್ಟರ್ ತಮ್ಮ ಹಳೆಯ ಗುರು ಸಮಾನರಾದ ಪಾವ್ಲೋವ್ ಅವರ ತತ್ತ್ವಕ್ಕೆ ಮರಳಿದರು. ಕೋರಾ ಎಂಬ ವಿದ್ಯುತ್ ಮಂಡಲವೊಂದನ್ನು ರಚಿಸಿ ಆಮೆಗೆ ಜೋಡಿಸಿದರು. ಸೀಟಿಯ ಸದ್ದನ್ನೂ ಬೆಳಕನ್ನೂ ಪದೇಪದೇ ಒಟ್ಟಿಗೆ ಒದಗಿಸಿದರೆ, ಕೆಲವು ಆವರ್ತನೆಗಳ ಬಳಿಕ ಬರಿಯ ಸೀಟಿಗೇ ಯಂತ್ರ ಬೆಳಕು ಕಂಡಂತೆ ವರ್ತಿಸುತ್ತಿತ್ತು. ಪಾಠವನ್ನು ಮತ್ತೆ ಮತ್ತೆ ನೆನಪಿಸದಿದ್ದರೆ ಕಲಿತದ್ದು ಕ್ರಮೇಣ ಅಳಿಸಿಹೋಗುತ್ತಿತ್ತು. ಶಿಕ್ಷಕರಿಗೆ ಇದು ಪರಿಚಿತ ವಿದ್ಯಮಾನವೇ. ಈ ಬಗೆಯ ಯಂತ್ರಕ್ಕೆ ಸುಲಭವಾಗಿ ಕಲಿಯುವ ಯಂತ್ರವೆಂಬ ಅರ್ಥದಲ್ಲಿ ಮಷೀನಾ ಡೋಸಿಲಿಸ್ ಎಂದು ಹೆಸರಿಟ್ಟರು. ಆಮೆಗಳ ವಿವರವನ್ನು 1950ರ ಮೇ ತಿಂಗಳಲ್ಲೂ ಕಲಿಯುವ ಯಂತ್ರದ ವಿವರವನ್ನು 1951ರ ಆಗಸ್ಟ್‌ನಲ್ಲೂ ಸೈಂಟಿಫಿಕ್ ಅಮೆರಿಕನ್ ಪತ್ರಿಕೆ ಪ್ರಕಟಿಸಿತು.

1951ರಲ್ಲಿ ಬ್ರಿಟನ್ ಉತ್ಸವ ನಡೆದಾಗ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್‌ನ ವಿಜ್ಞಾನ ಪ್ರದರ್ಶನದಲ್ಲಿ ಆಮೆಗಳು ಜನರೆದುರು ಓಡಾಡಿದವು. ಇವು ಮೊದಲಿನ ಎಲ್ಮರ್, ಎಲ್ಸಿ ಅಲ್ಲ. ಮನೆಯಲ್ಲಿ ಕಟ್ಟಿದ ಆ ಯಂತ್ರಗಳು ಪದೇಪದೇ ಕೈಕೊಡುತ್ತಿದ್ದುದರಿಂದ, ಬರ್ಡನ್ ಸಂಸ್ಥೆಯ ತಂತ್ರಜ್ಞ ಬನ್ನಿ ವಾರೆನ್ ಅವರು ಅದೇ ವರ್ಷದ ಆರಂಭದಲ್ಲಿ ಗಟ್ಟಿಮುಟ್ಟಾದ ಆರು ಹೊಸ ಆಮೆಗಳನ್ನು ತಯಾರಿಸಿದ್ದರು.

ರೇಶಿಯೋ ಕ್ಲಬ್ ಮತ್ತು ಬರವಣಿಗೆ

1949ರಲ್ಲಿ ಲಂಡನ್ನಿನಲ್ಲಿ ಆರಂಭವಾದ ರೇಶಿಯೋ ಕ್ಲಬ್ ಎಂಬ ಚಿಕ್ಕ ಚರ್ಚಾಕೂಟದಲ್ಲಿ ವಾಲ್ಟರ್ ಸದಸ್ಯರಾಗಿದ್ದರು. ಆ್ಯಶ್‌ಬಿ, ಗಣಿತಜ್ಞ ಅಲನ್ ಟ್ಯೂರಿಂಗ್ ಮುಂತಾದವರು ಅಲ್ಲಿ ಸೇರುತ್ತಿದ್ದರು. 1953ರಲ್ಲಿ ಪ್ರಕಟವಾದ ಇವರ ದಿ ಲಿವಿಂಗ್ ಬ್ರೈನ್ ಎಂಬ ಪುಸ್ತಕ ಮಿದುಳಿನ ವಿಜ್ಞಾನವನ್ನು ಸಾಮಾನ್ಯ ಓದುಗರ ಬಳಿಗೆ ಒಯ್ದಿತು. 1956ರಲ್ಲಿ ಒಂದು ವೈಜ್ಞಾನಿಕ ಕಾದಂಬರಿಯನ್ನೂ ಬರೆದರು. ಬಿ.ಬಿ.ಸಿ.ಯ ಚರ್ಚಾ ಕಾರ್ಯಕ್ರಮಗಳಲ್ಲಿ ಇವರ ಮುಖ ಪರಿಚಿತವಾಗಿತ್ತು.

ನಿರೀಕ್ಷೆಯ ಅಲೆ

ನರವಿಜ್ಞಾನಿಗಳ ದೃಷ್ಟಿಯಲ್ಲಿ ಇವರ ಅತ್ಯಂತ ಮಹತ್ವದ ಶೋಧ ಬಂದದ್ದು 1964ರಲ್ಲಿ. ಮೊದಲು ಒಂದು ಟಿಕ್ ಎಂಬ ಸದ್ದು, ಅದಾದ ಸ್ವಲ್ಪ ಹೊತ್ತಿಗೆ ಮಿನುಗುವ ಬೆಳಕು. ಬೆಳಕು ಬಂದಾಗ ಗುಂಡಿ ಒತ್ತಬೇಕು. ಇಂಥ ಪ್ರಯೋಗದಲ್ಲಿ ಸದ್ದಿಗೂ ಬೆಳಕಿಗೂ ನಡುವಿನ ಕಾಯುವಿಕೆಯಲ್ಲಿ ಮಿದುಳಿನ ಮುಂಭಾಗದ ವಿದ್ಯುತ್ ವಿಭವ ನಿಧಾನವಾಗಿ ಋಣದ ಕಡೆಗೆ ಸರಿಯುತ್ತದೆಂದು ವಾಲ್ಟರ್ ಮತ್ತು ಸಂಗಡಿಗರು ಕಂಡರು. ಬೆಳಕು ಬರುವುದಿಲ್ಲವೆಂದು ಮೊದಲೇ ತಿಳಿಸಿದರೆ ಈ ಸರಿತ ಕಾಣಿಸದು. ನಿರೀಕ್ಷೆ ಎಂಬ ಮನೋವ್ಯಾಪಾರಕ್ಕೆ ದೊರೆತ ವಿದ್ಯುತ್ ಗುರುತು ಇದು. ನಿರೀಕ್ಷೆಯ ಅಲೆಯೆಂದೇ ಪ್ರಸಿದ್ಧವಾಯಿತು.

ಅಪಘಾತ ಮತ್ತು ನಿಧನ

1970ರಲ್ಲಿ ರಸ್ತೆಗೆ ಓಡಿಬಂದ ಕುದುರೆಯೊಂದರಿಂದಾಗಿ ವಾಲ್ಟರ್ ಅವರ ಸ್ಕೂಟರ್ ಅಪಘಾತಕ್ಕೀಡಾಯಿತು. ತಲೆಗೆ ತೀವ್ರ ಪೆಟ್ಟು ಬಿದ್ದು ಮಿದುಳಿಗೆ ಹಾನಿಯಾಯಿತು. ಸಾವಿನಿಂದ ಪಾರಾದರೂ ಮೊದಲಿನ ಚುರುಕು ಮರಳಲಿಲ್ಲ. ಸಂಶೋಧಕ ಜೀವನ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಏಳು ವರ್ಷಗಳ ಅನಂತರ, 1977ರ ಮೇ 6ರಂದು, 67ನೆಯ ವಯಸ್ಸಿನಲ್ಲಿ ನಿಧನರಾದರು.

ಅನಂತರದ ರೋಬೋಟುಗಳ ಮೇಲೆ ಪ್ರಭಾವ

ಗಣಕಯಂತ್ರಗಳು ಬಲಿಯುತ್ತ ಬಂದಂತೆ ಆಮೆಗಳು ಮರೆಗೆ ಸರಿದವು. ಮುಂದಿನ ತಲೆಮಾರಿನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಯಂತ್ರ ಮೊದಲು ಕ್ಯಾಮೆರಾದಿಂದ ಸುತ್ತಲನ್ನು ನೋಡಬೇಕು, ಕಂಡದ್ದರಿಂದ ತನ್ನೊಳಗೆ ಒಂದು ನಕ್ಷೆ ರಚಿಸಬೇಕು, ನಕ್ಷೆಯ ಮೇಲೆ ಹಾದಿಯನ್ನು ಯೋಜಿಸಬೇಕು, ಆಮೇಲೆ ಹೆಜ್ಜೆ ಇಡಬೇಕು ಎಂಬುದು ಅವರ ಕ್ರಮ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ 1966ರಿಂದ 1972ರವರೆಗೆ ಬೆಳೆದ ಶೇಕಿ ಎಂಬ ರೋಬೋಟ್ ಈ ಪಂಥದ ಮೊದಲ ದೊಡ್ಡ ಸಾಧನೆ. ಆದರೆ ಅದರ ಲೋಕ, ಅದಕ್ಕಾಗಿಯೇ ಸಜ್ಜುಗೊಳಿಸಿದ ಕೋಣೆಗಳು ಮತ್ತು ಬಣ್ಣ ಬಳಿದ ಪೆಟ್ಟಿಗೆಗಳು. ಹಾನ್ಸ್ ಮೊರಾವೆಕ್ ಅವರ ಸ್ಟ್ಯಾನ್‌ಫರ್ಡ್ ಗಾಡಿ 1979ರಲ್ಲಿ ಕುರ್ಚಿಗಳಿದ್ದ ಒಂದು ಕೋಣೆಯನ್ನು ಸ್ವತಂತ್ರವಾಗಿ ದಾಟಿತು. ಅದಕ್ಕೆ ಹಿಡಿದ ಸಮಯ ಸುಮಾರು ಐದು ಗಂಟೆ. ಒಂದು ಹೆಜ್ಜೆಯಿಟ್ಟು ನಿಂತು, ಚಿತ್ರಗಳನ್ನು ತೆಗೆದು, ಲೆಕ್ಕ ಹಾಕಿ, ಮತ್ತೆ ಹೆಜ್ಜೆಯಿಡಬೇಕಾಗಿತ್ತು. ಅಷ್ಟರಲ್ಲಿ ಯಾರಾದರೂ ಕುರ್ಚಿಯನ್ನು ಸರಿಸಿದರೆ ಆ ಲೆಕ್ಕವೆಲ್ಲ ವ್ಯರ್ಥ.

ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಬೆಳೆದ ರಾಡ್ನಿ ಬ್ರೂಕ್ಸ್ ಹುಡುಗನಾಗಿದ್ದಾಗಲೇ ದಿ ಲಿವಿಂಗ್ ಬ್ರೈನ್ ಓದಿ, ಆಮೆಯಂಥ ಯಂತ್ರವನ್ನು ತಾನೂ ಕಟ್ಟಲು ಯತ್ನಿಸಿದ್ದರು. ಮುಂದೆ ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿ 1986ರಲ್ಲಿ ಅವರು ಮಂಡಿಸಿದ ವಿನ್ಯಾಸದಲ್ಲಿ ವಾಲ್ಟರ್ ಅವರ ನೆರಳು ಸ್ಪಷ್ಟವಾಗಿದೆ. ಡಿಕ್ಕಿ ತಪ್ಪಿಸಿಕೊಳ್ಳುವುದು, ಅಡ್ಡಾಡುವುದು, ಅನ್ವೇಷಿಸುವುದು ಹೀಗೆ ಸರಳ ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಪ್ರತಿ ಪದರವೂ ಇಂದ್ರಿಯದಿಂದ ನೇರವಾಗಿ ಚಕ್ರಕ್ಕೆ ಆಜ್ಞೆ ಕೊಡುವಂತೆ ಮಾಡುವುದು ಅದರ ಸಾರ. ಬ್ರೂಕ್ಸ್ ಸಹಸ್ಥಾಪಕರಾಗಿದ್ದ ಕಂಪನಿ 2002ರಲ್ಲಿ ಮಾರುಕಟ್ಟೆಗೆ ತಂದ ರೂಂಬಾ ಎಂಬ ಕಸ ಹೀರುವ ಯಂತ್ರ, ಮನೆಯ ನಕ್ಷೆಯಿಲ್ಲದೆ, ಬಡಿದಲ್ಲಿ ಹೊರಳಿ ಸಾಗುತ್ತಿತ್ತು. ನಂತರದ ಮಾದರಿಗಳು ಬ್ಯಾಟರಿ ತಗ್ಗಿದಾಗ ತಾವೇ ಗೂಡಿಗೆ ಮರಳುವುದನ್ನೂ ಕಲಿತವು. ಎಲ್ಸಿಯ ವಂಶವೆಂದು ಇದನ್ನು ಕರೆಯಲು ಅಡ್ಡಿಯಿಲ್ಲ.

ಹಾಗೆಂದು ವಾಲ್ಟರ್ ಅವರ ದಾರಿಯೊಂದೇ ಸಾಕೆನ್ನಲಾಗದು. ನಿರ್ದಿಷ್ಟ ಜಾಗಕ್ಕೆ ಹೋಗಿ ಬಾ ಎಂದರೆ ಆಮೆಯ ಬುದ್ಧಿ ಸಾಲದು. ತಾನು ಎಲ್ಲಿದ್ದೇನೆ, ಇಲ್ಲಿಗೆ ಮೊದಲು ಬಂದಿದ್ದೆನೇ ಎಂಬುದು ಅದಕ್ಕೆ ಗೊತ್ತಾಗದು. ಅಪರಿಚಿತ ಸ್ಥಳದಲ್ಲಿ ಈ ಸಮಸ್ಯೆ ವಿಚಿತ್ರ ಗಂಟಾಗುತ್ತದೆ. ನಕ್ಷೆ ಬರೆಯಲು ತಾನಿರುವ ಜಾಗ ತಿಳಿದಿರಬೇಕು. ಜಾಗ ತಿಳಿಯಲು ನಕ್ಷೆ ಬೇಕು. ಚಕ್ರ ಜಾರುತ್ತದೆ, ಕ್ಯಾಮೆರಾ ನೆರಳನ್ನು ಹಳ್ಳವೆಂದು ತಿಳಿಯುತ್ತದೆ, ಚಿಕ್ಕ ತಪ್ಪುಗಳು ಕೂಡುತ್ತ ಹೋಗುತ್ತವೆ. ಎರಡನ್ನೂ ಒಟ್ಟಿಗೆ, ಸಂಭವನೀಯತೆಯ ಗಣಿತದಿಂದ ಬಿಡಿಸುವ ವಿಧಾನಗಳು ರೂಪುಗೊಂಡದ್ದು 1980ರ ದಶಕದ ಉತ್ತರಾರ್ಧದಿಂದ ಈಚೆಗೆ. ಇಂದಿನ ಯಂತ್ರಗಳು ಸಾಮಾನ್ಯವಾಗಿ ಎರಡು ಬುದ್ಧಿಗಳನ್ನೂ ಇಟ್ಟುಕೊಂಡಿರುತ್ತವೆ: ದೂರದ ಹಾದಿಗೆ ನಕ್ಷೆ, ಕಾಲಬುಡದ ಕಲ್ಲಿಗೆ ಆಮೆಯ ಚುರುಕು. 1997ರ ಜುಲೈಯಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಸೊಜರ್ನರ್ ಗಾಡಿಗೆ ಎಲ್ಲಿಗೆ ಹೋಗಬೇಕೆಂದು ಭೂಮಿಯಿಂದ ತಿಳಿಸುತ್ತಿದ್ದರು. ಆದರೆ ಸಂಕೇತ ತಲುಪಲು ನಿಮಿಷಗಳೇ ಹಿಡಿಯುತ್ತಿದ್ದುದರಿಂದ, ದಾರಿಯಲ್ಲಿ ಎದುರಾದ ಬಂಡೆಯನ್ನು ಬಳಸಿ ಹೋಗುವ ನಿರ್ಧಾರವನ್ನು ಅದಕ್ಕೇ ಬಿಡಲಾಗಿತ್ತು.

ಉಳಿದಿರುವ ಆಮೆಗಳು

ವಾಲ್ಟರ್ ಅವರ ಯಂತ್ರಗಳು ಬಹುಕಾಲ ಎಲ್ಲೋ ಕಳೆದುಹೋದವೆಂದೇ ಭಾವಿಸಲಾಗಿತ್ತು. 1990ರ ದಶಕದಲ್ಲಿ ಬ್ರಿಸ್ಟಲ್‌ನ ರೋಬೋಟ್ ವಿಜ್ಞಾನಿ ಓವೆನ್ ಹಾಲೆಂಡ್ ಹಳೆಯ ದಾಖಲೆಗಳನ್ನೂ ವಾಲ್ಟರ್ ಅವರ ಸಹೋದ್ಯೋಗಿಗಳನ್ನೂ ಹುಡುಕಿಕೊಂಡು ಹೋಗಿ, ವಾರೆನ್ ಕಟ್ಟಿದ ಆಮೆಗಳಲ್ಲಿ ಒಂದನ್ನು ಪತ್ತೆ ಹಚ್ಚಿದರು. 1995ರಲ್ಲಿ ಅದನ್ನು ದುರಸ್ತಿ ಮಾಡಿ ಮತ್ತೆ ನಡೆಸಲಾಯಿತು. ಮೂಲ ರಚನೆಯನ್ನು ಅನುಸರಿಸಿ ಪ್ರತಿಕೃತಿಗಳನ್ನೂ ಕಟ್ಟಿ, ವಾಲ್ಟರ್ ಬರೆದಿಟ್ಟ ನಡವಳಿಕೆಗಳನ್ನು ಮತ್ತೆ ಪರೀಕ್ಷಿಸಲಾಯಿತು. ಉಳಿದ ಆಮೆಗಳಲ್ಲಿ ಒಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿಯೂ ಇನ್ನೊಂದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿಯೂ ಇವೆ.